ಕಾರಿಲ್ಲದವರ ಕಾರುದಾರಿ

ನಮ್ಮ ದೊಡ್ಡಪ್ಪನಿಗೆ ಕಾರು ಇರಲಿಲ್ಲ. ಸ್ಕೂಟರೂ ಇರಲಿಲ್ಲ. ಆದರೆ ಗೇಟಿನಿಂದ ಮನೆಯ ಮೆಟ್ಟಿಲವರೆಗೆ ಕಾರು ಬರುವ ಸಿಮೆಂಟು ದಾರಿ ಇತ್ತು! ಎಂಬತ್ತರ ದಶಕದ ಕುಂಜಿಬೆಟ್ಟಿನಲ್ಲಿ ಡಾಕ್ಟರುಗಳ ಮನೆಗೂ ಅಂಥ ದಾರಿ ಇಲ್ಲವೆಂದು ಅವರ ವಾದ. ಭಾನುವಾರ ಹಿಡಿಸೂಡಿ ಹಿಡಿದು ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಮನೆಗೆ ಬಂದವರು ಮಾತ್ರ ಬದಿಯ ಮಣ್ಣಿನಲ್ಲೇ ನಡೆಯಬೇಕು.

"ಮನುಷ್ಯರು ನಡೆದರೆ ಸವೆಯುತ್ತದೆ ಮಾರಾಯ. ಅದು ಕಾರಿಗೆ ಮಾಡಿದ್ದು."

"ಯಾವ ಕಾರಿಗೆ?" ಎಂದು ಕೇಳುವ ಧೈರ್ಯ ದೊಡ್ಡಮ್ಮನೊಬ್ಬರಿಗೇ. ಆಗ ದೊಡ್ಡಪ್ಪನಿಗೆ ತಕ್ಷಣ ಬಾವಿಕಟ್ಟೆಯಲ್ಲಿ ಏನೋ ತುರ್ತು ಕೆಲಸ!

ಇಂಥವರ ಅಂಗಳದ ಅಡಿಯಲ್ಲೇ ಹಿಂದಿನ ಮನೆಗಳಿಗೆ ಹೋಗುವ ನೀರಿನ ಪೈಪು ಇರಬೇಕೇ? ಅದು ತುಕ್ಕು ಹಿಡಿದಿತ್ತು, ಬದಲಿಸಲು ಜನ ಬಂದರು. ಈಚೆ ಕಂಪೌಂಡಿನಿಂದ ಆಚೆ ಕಂಪೌಂಡಿಗೆ, ಒಬ್ಬ ಮನುಷ್ಯ ಅಡ್ಡ ಮಲಗುವಷ್ಟು ಅಗಲಕ್ಕೆ ಅಗೆದರು. ಪಿಕ್ಕಾಸು ಸಿಮೆಂಟಿಗೆ ಬಿದ್ದಾಗಲೆಲ್ಲ ದೊಡ್ಡಪ್ಪ ಹಲ್ಲು ಕೀಳಿಸಿಕೊಳ್ಳುವವರ ಹಾಗೆ ಮುಖ ಹಿಂಡುತ್ತಿದ್ದರು. ನಾನು ಆಗ ಮಣಿಪಾಲದಲ್ಲಿ ಕೆಲಸಕ್ಕಿದ್ದು ಅವರ ಮನೆಯಲ್ಲೇ ಉಳಿದಿದ್ದೆ. ಹಾಗಾಗಿ ಈ ಸಂಕಟವನ್ನೆಲ್ಲ ಕಣ್ಣಾರೆ ಕಂಡೆ.

ಹೊಸ ಪೈಪು ಕೂತಿತು. ಮೇಸ್ತ್ರಿ ಕೈ ಕೊಡವಿಕೊಂಡು, "ಮಣ್ಣು ತುಂಬಿಸ್ತೇವೆ. ಒಂದು ಮಳೆ ಬಿದ್ದರೆ ತನ್ನಷ್ಟಕ್ಕೇ ಕೂರ್ತದೆ" ಎಂದ.

"ಕೂರ್ತದಾ? ಕೂರಲಿಕ್ಕೆ ಅದೆಂತ ನೆಂಟರಾ? ಮೊದಲು ಮರಳು ಹಾಕಬೇಕು, ನೀರು ಬಿಟ್ಟು ಗುದ್ದಬೇಕು, ಮೇಲೆ ಜಲ್ಲಿ, ಆಮೇಲೆ ಸಿಮೆಂಟು. ಆಗುವುದಿಲ್ಲವಾದರೆ ಮುಟ್ಟಲೇ ಬೇಡಿ!"

ಮೇಸ್ತ್ರಿ ಆ ಕೊನೆಯ ಮಾತನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದ. ಹಾರೆ, ಪಿಕ್ಕಾಸು ಹೊತ್ತುಕೊಂಡು ಹೋದವನು ಆ ಕಡೆ ತಲೆ ಹಾಕಲಿಲ್ಲ.

ಗುಂಡಿ ಬಾಯಿ ತೆರೆದೇ ಉಳಿಯಿತು. ದಾಟಲು ಒಂದು ಹಲಗೆ. ಹಾಲಿನವನು ಗೇಟಿನ ಹೊರಗಿನಿಂದಲೇ ಕೂಗತೊಡಗಿದ. ಬೇಸಿಗೆ ಮುಗಿಯುತ್ತಾ ಬಂದಿತ್ತು, ಸಂಜೆಯಾದರೆ ಪಡುವಣ ದಿಕ್ಕಿನಲ್ಲಿ ಮೋಡ.

"ಸದ್ಯಕ್ಕೆ ಮಣ್ಣಾದರೂ ಹಾಕಿಸಿ. ಹಲಗೆ ಅಲ್ಲಾಡುತ್ತದೆ" ಎಂದರು ದೊಡ್ಡಮ್ಮ.

"ಹಲಗೆ ಅಲ್ಲಾಡುವುದಲ್ಲ, ನೀನು ಅಲ್ಲಾಡುವುದು!"

ನಾವೆಲ್ಲ ನಕ್ಕೆವು. ದೊಡ್ಡಮ್ಮನೂ ನಕ್ಕರು.

ಮರುದಿನ ಸಂಜೆ ಮಲ್ಲಿಗೆ ತೆಗೆದುಕೊಂಡು ಬರುವಾಗ ಹಲಗೆ ಮಗುಚಿತು. ಸದ್ದು ಕೇಳಿ ನಾನು ಓಡಿ ಬರುವಷ್ಟರಲ್ಲಿ ದೊಡ್ಡಮ್ಮ ಗುಂಡಿಯ ತಳದಲ್ಲಿದ್ದರು, ಒಂದು ಪಾದ ತಿರುಗಬಾರದ ಕಡೆಗೆ ತಿರುಗಿತ್ತು. ದೊಡ್ಡಪ್ಪ ಗುಂಡಿಗೆ ಹಾರಿದರು.

ಮಣಿಪಾಲದ ಆಸ್ಪತ್ರೆಯಲ್ಲಿ ಮೂಳೆ ಕೂರಿಸಿ ಪ್ಲಾಸ್ಟರ್ ಹಾಕಿದರು. ದೊಡ್ಡಪ್ಪ ದಿನಾ ಗಂಜಿ ತರುತ್ತಿದ್ದರು. ಮಂಚದ ಹತ್ತಿರ ನಿಂತು, ಗೋಡೆ ನೋಡುತ್ತಾ ಒಂದೇ ಮಾತು: "ಮರಳು ಬಂತು." ಮರುದಿನ, "ಗುದ್ದಿ ಆಯಿತು." ಇನ್ನೊಂದು ದಿನ, "ಜಲ್ಲಿ ಬರಲಿಲ್ಲ." ನೋವು ಹೇಗುಂಟು ಎಂದು ಕೇಳಲು ಅವರಿಗೆ ಧೈರ್ಯವಿರಲಿಲ್ಲ.

ಪಕ್ಕದ ಮಂಚದ ಹೆಂಗಸು ತಡೆಯಲಾರದೆ ಕೇಳಿದಳು: "ಅವರು ನಿಮ್ಮ ಮನೆ ಕಟ್ಟುವ ಕಂಟ್ರಾಕ್ಟರಾ?"

"ಅಲ್ಲ," ಎಂದರು ದೊಡ್ಡಮ್ಮ, "ಗಂಡ."

ದೊಡ್ಡಮ್ಮನನ್ನು ಬಿಡುವುದು ಮುಂದಿನ ವಾರ ಎಂದಿದ್ದ ಡಾಕ್ಟರು ಇದ್ದಕ್ಕಿದ್ದಂತೆ ಒಂದು ಬೆಳಿಗ್ಗೆ "ಇವತ್ತೇ ಕರೆದುಕೊಂಡು ಹೋಗಿ" ಎಂದುಬಿಟ್ಟರು. ನಾನು ಟ್ಯಾಕ್ಸಿ ಹಿಡಿದು ಕರೆತಂದೆ. ಗೇಟಿನ ಎದುರು ಇಳಿದರೆ ಏನು ಕಾಣಬೇಕು? ಗುಂಡಿ ಮುಚ್ಚಿತ್ತು, ಮೇಲೆ ಈಚೆ ಕಂಪೌಂಡಿನಿಂದ ಆಚೆ ಕಂಪೌಂಡಿನವರೆಗೂ ಆಗಷ್ಟೇ ಹಾಕಿದ ಸಿಮೆಂಟು, ಕನ್ನಡಿಯಂತೆ ನುಣುಪು, ಪೂರ್ತಿ ಹಸಿ! ದೊಡ್ಡಪ್ಪ ಕೊಡೆ ಬೀಸಿ ಕಾಗೆ ಓಡಿಸುತ್ತಿದ್ದರು. ನಮ್ಮನ್ನು ಕಂಡು ಕೊಡೆ ಮೇಲೆಯೇ ನಿಂತಿತು.

ಓಡಿಹೋಗಿ ಹಲಗೆ ತಂದು ಅಡ್ಡ ಹಾಕಿದರು. ಅದೇ ಹಲಗೆ.

ದೊಡ್ಡಮ್ಮನ ಮುಖ ಬಿಳಿಚಿತು. ಕಂಕುಳ ಕೋಲು ಊರಿ ಒಂದು ಹೆಜ್ಜೆ ಹಿಂದೆ ಸರಿದರು. "ಅದರ ಮೇಲೆ ನಾನು ಕಾಲಿಡುವುದಿಲ್ಲ" ಎಂದರು. ನಾನು ಹಿಂದಿನಿಂದ ಹಿಡಿಯುತ್ತೇನೆ ಎಂದೆ. ತಲೆ ಆಡಿಸಿದರು. ಟ್ಯಾಕ್ಸಿಯವನು ಎತ್ತಿಕೊಳ್ಳೋಣವೇ ಎಂದ. ಅದಕ್ಕೂ ಇಲ್ಲ. ಮೋಡ ಗುಡುಗಿತು. ಯಾರಿಗೂ ಏನು ಮಾಡುವುದೆಂದು ಹೊಳೆಯಲಿಲ್ಲ.

ದೊಡ್ಡಪ್ಪ ಚಪ್ಪಲಿ ಕಳಚಿದರು. ಪಂಚೆ ಎತ್ತಿ ಕಟ್ಟಿ, ಆ ಹಸಿ ಸಿಮೆಂಟಿನ ನಟ್ಟನಡುವೆ ಇಳಿದು, ಹಲಗೆಗೆ ತಾಗಿ ನಿಂತರು. ಪಾದ ಪೂರ್ತಿ ಮುಳುಗಿತು.

"ಅಯ್ಯೋ, ನಿಮ್ಮ ಸಿಮೆಂಟು!"

"ಸಿಮೆಂಟು ಹಾಳಾಗಲಿ. ನನ್ನ ಹೆಗಲು ಹಿಡಿ. ಕೆಳಗೆ ನೋಡಬೇಡ."

ದೊಡ್ಡಮ್ಮ ಹಿಡಿದರು, ಬಟ್ಟೆ ಮುದುಡುವಷ್ಟು ಬಿಗಿಯಾಗಿ. ಅವರು ಹಲಗೆಯ ಮೇಲೆ ಒಂದೊಂದೇ ಹೆಜ್ಜೆ. ದೊಡ್ಡಪ್ಪ ಪಕ್ಕದಲ್ಲಿ ಪಚಕ್, ಪಚಕ್ ಎಂದು ಕಾಲು ಕಿತ್ತಿಡುತ್ತಾ. ನಾನು ಉಸಿರು ಬಿಟ್ಟದ್ದು ಅವರು ಆಚೆ ದಡ ಸೇರಿದ ಮೇಲೆಯೇ.

ಮೆಟ್ಟಿಲ ಮೇಲೆ ಕೂರಿಸಿದಾಗ ದೊಡ್ಡಪ್ಪ ನೆಲ ನೋಡುತ್ತಾ ಹೇಳಿದರು: "ನೀನು ಹೇಳಿದ ದಿನವೇ ಮುಚ್ಚಿಸಬೇಕಿತ್ತು ನಾನು."

ದೊಡ್ಡಮ್ಮ ನನ್ನ ಕಡೆ ತಿರುಗಿ, "ಬಾವಿಯಿಂದ ನೀರು ತಾ. ಒಣಗಿದರೆ ಇವರ ಕಾಲು ಸುಟ್ಟೀತು" ಎಂದರು. ನಾನು ಕೊಡಪಾನ ತಂದಿಟ್ಟೆ. ಪ್ಲಾಸ್ಟರಿನ ಕಾಲನ್ನು ಉದ್ದಕ್ಕೆ ಚಾಚಿಕೊಂಡು, ಕಷ್ಟಪಟ್ಟು ಬಾಗಿ, ಚೊಂಬಿನಲ್ಲಿ ತಾವೇ ನೀರು ಹೊಯ್ದು ಅವರ ಪಾದ ಉಜ್ಜಿದರು. ದೊಡ್ಡಪ್ಪನ ಕಣ್ಣು ತುಂಬಿತ್ತು.

"ಇನ್ನೊಂದು ಕಾಲು" ಎಂದರು ದೊಡ್ಡಮ್ಮ.

ದೊಡ್ಡಪ್ಪ ಇನ್ನೊಂದು ಕಾಲು ಮುಂದಿಟ್ಟರು.