ಅತ್ತೆಗೊಂದು ಮರದ ಜಗಲಿ

"ಎರಡೇ ಭಾನುವಾರ! ಮೂರನೇ ಭಾನುವಾರ ಅತ್ತೆ ಹಿತ್ತಿಲಲ್ಲಿ ಬಿಸಿಲು ಕಾಯಿಸ್ಕೊಂಡು ಟೀ ಕುಡೀತಾರೆ, ನೋಡ್ತಾ ಇರು!" ಎಂದು ನಾನು ಊಟದ ಮೇಜನ್ನು ಗುದ್ದಿ ಘೋಷಿಸಿದೆ. ಆ ಗುದ್ದಿನಲ್ಲಿದ್ದ ಬಲದಲ್ಲಿ ಕಾಲು ಪಾಲಾದರೂ ಈಗ ಮೈಯಲ್ಲಿ ಉಳಿದಿದ್ದರೆ ಇದನ್ನು ಕೂತು ಬರೆಯುತ್ತಿದ್ದೆ. ಸೊಂಟ ಒಪ್ಪುತ್ತಿಲ್ಲ. ಮಲಗಿಕೊಂಡೇ ಬರೆಯುತ್ತಿದ್ದೇನೆ, ಸಾಲು ಸೊಟ್ಟಗಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನವಳು ಮೇಜಿನಿಂದ ಹಾರಿಬಿದ್ದ ಚಮಚವನ್ನು ಎತ್ತಿಟ್ಟು ಕೇಳಿದಳು: "ಏನು ಕಟ್ತೀರಂತೆ?"

"ಡೆಕ್!"

"ಅದು ಹಡಗಲ್ಲಿ ಇರೋದಲ್ವಾ?"

"ಮನೆಗೂ ಇರತ್ತೆ ಕಣೇ. ಅಡುಗೆಮನೆ ಬಾಗಿಲಿಗೆ ಅಂಟಿಕೊಂಡ ಹಾಗೆ ಮರದ ಜಗಲಿ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ. ಒಳಗಿನ ನೆಲ ಎಷ್ಟು ಎತ್ತರವೋ ಅಷ್ಟೇ ಎತ್ತರ. ಕುರ್ಚಿ ಉರುಳಿಸ್ಕೊಂಡು ಸೀದಾ ಹೊರಗೆ!"

"ಬಚ್ಚಲ ನಲ್ಲಿಗೂ ಎರಡೇ ನಿಮಿಷ ಅಂದಿದ್ರಿ. ಅದಕ್ಕೆ ಇನ್ನೂ ದಾರ ಕಟ್ಟಿಟ್ಟಿದೀವಿ."

ಇಂಥ ಮಾತಿಗೆಲ್ಲ ನಾನು ಎದೆಗುಂದುವವನಲ್ಲ. ಎದೆಗುಂದಿದ್ದರೆ ಚೆನ್ನಾಗಿತ್ತು, ಅದು ಬೇರೆ ಮಾತು.

ವಿಷಯ ಏನೆಂದರೆ, ಎಂಟು ತಿಂಗಳ ಹಿಂದೆ ನಮ್ಮ ಅತ್ತೆ, ಅಂದರೆ ನನ್ನವಳ ಅಮ್ಮ, ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅಂದಿನಿಂದ ಗಾಲಿಕುರ್ಚಿ. ನಮ್ಮ ಮನೆಗೆ ಮುಂದೆ ಐದು ಮೆಟ್ಟಿಲು, ಹಿಂದೆ ನಾಲ್ಕು. ಹಾಗಾಗಿ ಎಂಟು ತಿಂಗಳಿಂದ ಅವರು ಕಂಡ ಹೊರಲೋಕವೆಂದರೆ ಅಡುಗೆಮನೆ ಕಿಟಕಿಯಲ್ಲಿ ಕಾಣುವ ಬಟ್ಟೆ ಒಣಹಾಕುವ ಹಗ್ಗ ಮತ್ತು ಪಕ್ಕದ ಮನೆಯ ನೀರಿನ ಟ್ಯಾಂಕು. ಮೊದಮೊದಲು ಅದನ್ನೇ ನೋಡಿ ತಮಾಷೆ ಮಾಡುತ್ತಿದ್ದರು. ಆಮೇಲೆ ನಗು ನಿಂತಿತು, ಮಾತೂ ಕಡಿಮೆಯಾಯಿತು. ಒಂದು ದಿನ ತಟ್ಟೆಯಿಂದ ತಲೆ ಎತ್ತದೆ ಹೇಳಿದರು: "ದೊಡ್ಡವಳ ಮನೇಲಿ ಬಾಲ್ಕನಿ ಇದೆ. ಎರಡು ತಿಂಗಳು ಬಿಟ್ಟು ರಜೆ ಸಿಗತ್ತಂತೆ ಅವಳಿಗೆ, ಕಾರು ತರ್ತಾಳೆ. ಅಲ್ಲಿಗೇ ಹೋಗಿ ಇದ್ದುಬಿಡ್ತೀನಿ. ನಿಮಗೂ ಎಷ್ಟು ದಿನ ಅಂತ ಭಾರ?"

ನನ್ನವಳು ಒಂದೇ ಪಾತ್ರೆಯನ್ನು ಮೂರು ಸಲ ಉಜ್ಜಿದಳು. ಅವರು ಹೋಗುವುದು ನನಗೂ ಬೇಡವಾಗಿತ್ತು. ಅದರಲ್ಲಿ ಸ್ವಾರ್ಥವೂ ಇತ್ತು, ಮುಚ್ಚಿಡುವುದೇಕೆ? ಈ ಮನೆಯಲ್ಲಿ ನಾನು ಬಾಯಿ ತೆರೆದಾಗ "ಪಾಪ, ಅವರು ಹೇಳೋದ್ರಲ್ಲೂ ಏನೋ ಇರಬಹುದು" ಎನ್ನುವ ಏಕೈಕ ಜೀವ ನಮ್ಮ ಅತ್ತೆ. ಅವರು ಹೊರಟರೆ ನಾನು ಕಾಯಂ ವಿರೋಧ ಪಕ್ಷ!

ಕಟ್ಟಡ ನನಗೆ ಹೊಸದೇನಲ್ಲ. ವಿಮಾ ಕಂಪನಿಯಲ್ಲಿ ಸರ್ವೇಯರ್ ನಾನು. ಬಿರುಕು ಬಿಟ್ಟ ಗೋಡೆ, ಕುಸಿದ ನೆಲ, ಸೋರುವ ಛಾವಣಿಗಳ ಮುಂದೆ ನಿಂತು "ತಪ್ಪು ಕಟ್ಟಿದವನದು" ಎಂದು ಷರಾ ಬರೆಯುವುದೇ ಹತ್ತೊಂಬತ್ತು ವರ್ಷದಿಂದ ನನ್ನ ಕಸುಬು. ಇಷ್ಟು ತಪ್ಪು ಕಂಡವನಿಗೆ ಸರಿಯಾದದ್ದನ್ನು ಕಟ್ಟುವುದು ಯಾವ ಮಹಾ ಬ್ರಹ್ಮವಿದ್ಯೆ?

ಗ್ರಾಫ್ ಕಾಗದ ತಂದೆ, ಬಣ್ಣದ ಪೆನ್ಸಿಲ್ ತಂದೆ. ಮೂರು ಸಂಜೆ ಕೂತು ನಕ್ಷೆ ಬರೆದೆ. ಮೂಲೆಗೊಂದು ಹೂಕುಂಡ, ಮೇಲೆ ಚಪ್ಪರ, ಚಪ್ಪರಕ್ಕೆ ಬಳ್ಳಿ, ಬಳ್ಳಿಯ ಕೆಳಗೆ ತೂಗುಕುರ್ಚಿ, ಪಕ್ಕದಲ್ಲಿ ಪುಸ್ತಕದ ಕಪಾಟು. ನನ್ನವಳು ಬಹಳ ಹೊತ್ತು ನೋಡಿ, "ಚೆನ್ನಾಗಿದೆ. ಅಮ್ಮ ಎಲ್ಲಿ ಕೂರ್ತಾಳೆ?" ಎಂದಳು.

ನಾನೂ ನೋಡಿದೆ. ಜಾಗವಿರಲಿಲ್ಲ! ರಬ್ಬರ್ ತೆಗೆದುಕೊಂಡು ಮೂರು ಸಂಜೆಯ ಕೆಲಸವನ್ನು ಮೂರು ನಿಮಿಷದಲ್ಲಿ ಅಳಿಸಿದೆ. ಬರೀ ಜಗಲಿ ಉಳಿಯಿತು.

ಕೆಲಸಕ್ಕೆ ಬಂದವರು ನಮ್ಮ ಬೀದಿಯ ಬಡಗಿ ಮೇಸ್ತ್ರಿ. ಅವರದೊಂದು ವ್ರತವಿದೆ. ಯಾವ ಎಚ್ಚರಿಕೆಯನ್ನೂ ಒಂದೇ ಸಲ ಹೇಳುತ್ತಾರೆ. ಕೇಳಿದರೆ ಸರಿ, ಇಲ್ಲವಾದರೆ "ಸರಿ ಸಾರ್" ಎಂದು ನೀವು ಹೇಳಿದ್ದನ್ನೇ ಅಚ್ಚುಕಟ್ಟಾಗಿ ಮಾಡಿ ಹೋಗುತ್ತಾರೆ. ಮೊದಲ ದಿನವೇ ಚೀಲದಿಂದ ಪಾರದರ್ಶಕ ಪೈಪೊಂದನ್ನು ತೆಗೆದು ನೀರು ತುಂಬತೊಡಗಿದರು.

"ಏನಿದು ಮೇಸ್ತ್ರಿ?"

"ಮಟ್ಟ ನೋಡೋ ಪೈಪು ಸಾರ್. ಎರಡು ತುದೀಲೂ ನೀರು ಒಂದೇ ಎತ್ತರಕ್ಕೆ ನಿಲ್ಲತ್ತೆ. ನೀರಿಗೆ ಸುಳ್ಳು ಹೇಳಕ್ಕೆ ಬರಲ್ಲ."

ನಾನು ಜೋರಾಗಿ ನಕ್ಕೆ. ಆ ನಗು ಈಗಲೂ ನನ್ನ ಕಿವಿಯಲ್ಲಿ ಚುಚ್ಚುತ್ತದೆ. "ಯಾವ ಕಾಲದಲ್ಲಿದೀರಿ! ಇಲ್ಲಿ ನೋಡಿ, ನನ್ನ ಫೋನೇ ಮಟ್ಟ ಹೇಳತ್ತೆ. ಹಲಗೆ ಮೇಲಿಟ್ರೆ ಸಾಕು. ಸೊನ್ನೆ ಬಂತೋ, ಮಟ್ಟ!"

ಮೇಸ್ತ್ರಿ ಫೋನನ್ನು ತಿರುಗಿಸಿ ನೋಡಿದರು. ಹಿಂಬದಿಯ ತಲೆಯ ಕಡೆ ಮೂರು ಕಣ್ಣಿನ ಕ್ಯಾಮೆರಾ ಉಬ್ಬಿಕೊಂಡಿತ್ತು. "ಬೆನ್ನಲ್ಲಿ ಗೂನಿದೆಯಲ್ಲ ಸಾರ್, ಇದು ನೆಟ್ಟಗೆ ಮಲಗತ್ತಾ?"

"ಅದು ಗೂನಲ್ಲ ಮೇಸ್ತ್ರಿ, ಕ್ಯಾಮೆರಾ!"

"ಸರಿ ಸಾರ್." ಪೈಪಿನ ನೀರನ್ನು ಗಿಡಕ್ಕೆ ಹಾಕಿ, ಸುತ್ತಿ ಚೀಲಕ್ಕೆ ಸೇರಿಸಿದರು.

ಅಲ್ಲಿಂದ ಶುರುವಾಯಿತು ನೋಡಿ! ಮನೆಯ ಕಡೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತು, ತೊಲೆಯ ಮೇಲೆ ಫೋನಿಟ್ಟು, "ಏರಿಸಿ... ಇನ್ನೊಂದು ಚೂರು ಏರಿಸಿ..." ಎನ್ನುವುದು ನನ್ನ ಪಾಲಿನ ಕೆಲಸ. ಬಾಗಿಲ ಬದಿಯ ಎತ್ತರ ಮನೆಯ ನೆಲಕ್ಕೆ ಕಟ್ಟುಬಿದ್ದಿತ್ತು. ಆದ್ದರಿಂದ ಹಿತ್ತಿಲ ಬದಿಯ ಕಂಬಗಳನ್ನು ಏರಿಸಿದ್ದೇ ಏರಿಸಿದ್ದು. ಹಲಗೆ ಬಡಿಯುವಾಗ ಮೇಸ್ತ್ರಿ, "ನಡುವೆ ಸಂದು ಬಿಡಬೇಕು ಸಾರ್, ನೀರು ಇಳಿಯಕ್ಕೆ" ಎಂದರು. ಕುರ್ಚಿಯ ಮುಂದಿನ ಪುಟ್ಟ ಗಾಲಿಗಳು ಸಂದಿಗೆ ಸಿಕ್ಕಿಕೊಂಡರೆ ಅತ್ತೆಯ ಗತಿಯೇನು? "ಸಂದೇ ಬೇಡ" ಎಂದೆ. "ಸರಿ ಸಾರ್."

ಎರಡು ಭಾನುವಾರ ನಾಲ್ಕಾಯಿತು, ನಾಲ್ಕು ಎಂಟಾಯಿತು. ಹೆಬ್ಬೆರಳಿಗೆ ಸುತ್ತಿಗೆಯೇಟು ಬಿತ್ತು. ಪ್ಯಾಂಟಿನ ಜೇಬಿನಲ್ಲಿದ್ದ ಸ್ಕ್ರೂಗಳು ವಾಷಿಂಗ್ ಮೆಷಿನ್ನಿನೊಳಗೆ ಹೋಗಿ ಅದರ ಗಂಟಲು ಕಟ್ಟಿತು. ಒಂದು ಸೋಮವಾರ ಮೇಲಧಿಕಾರಿಯ ಎದುರಿಗೇ ಕೂತಲ್ಲೇ ನಿದ್ದೆಹೋಗಿ, "ಇನ್ನೊಂದು ಚೂರು ಏರಿಸಿ" ಎಂದೆನಂತೆ. ಅವರು ಅದನ್ನು ಸಂಬಳದ ವಿಷಯವೆಂದು ತಿಳಿದು ಕೋಪಿಸಿಕೊಂಡರು.

ಅಂತೂ ಒಂಬತ್ತನೇ ಭಾನುವಾರ ಜಗಲಿ ಮುಗಿಯಿತು. ಅದೇ ಸಂಜೆ ನನ್ನವಳ ಅಕ್ಕ ಕಾರು ತರುವವಳಿದ್ದಳು. ಅತ್ತೆಯ ಸೂಟ್‌ಕೇಸು ನಡುಮನೆಯಲ್ಲಿ ತಯಾರಾಗಿ ನಿಂತಿತ್ತು. ನನಗಿದ್ದದ್ದು ಒಂದೇ ಮಧ್ಯಾಹ್ನ. ಆ ಬಿಸಿಲಲ್ಲಿ ಒಂದು ಸಲ ಕೂತರೆ ಅವರ ಮನಸ್ಸು ಬದಲಾದೀತು ಎಂಬುದೇ ನನ್ನ ಆಸೆ.

ಮೊದಲು ಹಲಗೆಯ ಮೇಲೆ ಒಂದು ಬಕೆಟ್ ನೀರು ಸುರಿದು ತೊಳೆದೆ. ನೀರು ಗಿಡದ ಕಡೆ ಹೋಗದೆ ಗೊತ್ತಿದ್ದವರ ಮನೆಗೆ ಬರುವಂತೆ ಸಲೀಸಾಗಿ ಬಾಗಿಲ ಕಡೆಗೇ ಬಂತು.

"ರೀ, ಅಡುಗೆಮನೆ ತುಂಬ ನೀರು!"

"ಹೊಸ ಮರ ಕಣೇ, ಇನ್ನೂ ನೀರು ಕುಡಿಯೋದು ಕಲಿತಿಲ್ಲ!"

ಅವಳು ನೆಲ ಒರೆಸಿ, ಮತ್ತೊಮ್ಮೆ ಒರೆಸಿ, ಟೀ ಇಡಲು ಒಲೆಯ ಕಡೆ ತಿರುಗಿದಳು. ನಾನು ಅತ್ತೆಯ ಕುರ್ಚಿಯನ್ನು ತಳ್ಳಿಕೊಂಡು ಬಾಗಿಲು ದಾಟಿಸಿ, ಜಗಲಿಯ ಆ ತುದಿಗೆ ತಂದು ನಿಲ್ಲಿಸಿದೆ. ತಳ್ಳುವಾಗ ಯಾಕೋ ಏದುಸಿರು ಬಂತು. ವಯಸ್ಸಾಯಿತು ಅಂದುಕೊಂಡೆ. ಅತ್ತೆ ಕಣ್ಣು ಮುಚ್ಚಿ ಮುಖವನ್ನು ಬಿಸಿಲಿಗೆ ಎತ್ತಿದರು. ಆ ಮುಖ ನೋಡಿದ್ದೇ ನನಗೆ ಒಂಬತ್ತು ಭಾನುವಾರದ ಕೂಲಿ ಸಿಕ್ಕಿತು, ನಿಜವಾಗಿಯೂ.

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಭಾಷಣ ಮಾಡುವ ಚಪಲ! ಅವರ ಮುಂದೆ ನಿಂತು, ಹಿತ್ತಿಲ ಕಡೆ ತಿರುಗಿ, ಕೈ ಚಾಚಿದೆ. "ಇಲ್ಲಿ ಬಳ್ಳಿ ಹಬ್ಬಿಸೋಣ ಅತ್ತೆ. ಅಲ್ಲಿ ಮಲ್ಲಿಗೆ. ಇನ್ಮೇಲೆ ದಿನಾ ಬೆಳಗ್ಗೆ ಇಲ್ಲೇ ನಿಮ್ಮ ಟೀ, ಇಲ್ಲೇ ಪೇಪರು. ಏನಂತೀರಿ?"

ತಿರುಗಿ ನೋಡಿದರೆ ಅತ್ತೆಯೇ ಇಲ್ಲ!

ನನ್ನ ಜೀವ ಬಾಯಿಗೆ ಬಂತು. ಜಗಲಿಯ ಅಂಚಿನಿಂದ ಬಿದ್ದೇಬಿಟ್ಟರೆಂದು ಬೋರಲು ಮಲಗಿ ಗಿಡಗಳ ಸಂದಿಯಲ್ಲಿ ಹುಡುಕುತ್ತ "ಅತ್ತೇ! ಅತ್ತೇ!" ಎಂದು ಕೂಗಿದೆ. ಅಷ್ಟರಲ್ಲಿ ಅಡುಗೆಮನೆಯೊಳಗೆ ಧಡ್ ಎಂದಿತು.

"ಅಮ್ಮ, ಇಷ್ಟು ಬೇಗ ವಾಪಸ್ ಬಂದ್ಯಾ?"

"ನಾನು ಬರಲಿಲ್ಲ ಕಣೇ. ಕುರ್ಚಿ ಬಂತು."

ಆಮೇಲೆ ಅತ್ತೆಯ ಧ್ವನಿ ಹೊರಗೆ ತೇಲಿಬಂತು: "ಅಳಿಯಂದ್ರೇ, ಗಿಡದಲ್ಲಿ ಹುಡುಕಬೇಡಿ. ನಾನು ಫ್ರಿಜ್ ಹತ್ರ ಇದ್ದೀನಿ."

"ಬ್ರೇಕು ಹಾಕಿರಲಿಲ್ಲ ಅಷ್ಟೇ!" ಎಂದು ನಾನು ಒಳಗೆ ಓಡಿದೆ. "ಮಟ್ಟದಲ್ಲಿ ಕೂದಲೆಳೆಯ ದೋಷ ಇಲ್ಲ. ಬೇಕಾದ್ರೆ ತೋರಿಸ್ತೀನಿ!" ನನ್ನ ಕೋಣೆಯ ಗಾಲಿಯ ಕುರ್ಚಿಯನ್ನು ತಂದು, ಅದೇ ಜಾಗದಲ್ಲಿಟ್ಟು, ಕಾಲು ಮೇಲೆತ್ತಿ ಮಹಾರಾಜನಂತೆ ಕೂತೆ. "ನೋಡಿ, ಅಲ್ಲಾಡ್ತೀನಾ?"

ಅಲ್ಲಾಡಿದೆ. ಅತ್ತೆಗಿಂತ ನಾನು ಮೂವತ್ತು ಕಿಲೋ ಜಾಸ್ತಿ. ಹೊರಟದ್ದು ಆಮೆಯಂತೆ, ಬಾಗಿಲು ದಾಟಿದ್ದು ರೈಲಿನಂತೆ! ಟೀ ತಟ್ಟೆ ಹಿಡಿದು ಎದುರು ಬಂದ ನನ್ನವಳು ಹೇಗೋ ಪಕ್ಕಕ್ಕೆ ಹಾರಿದಳು, ಟೀ ಹಾರಲಿಲ್ಲ. ಮೂರು ಲೋಟವೂ ನನ್ನ ಅಂಗಿಯ ಮೇಲೆ ಬಂತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನ ಹಣೆಬರಹ ನೋಡಿ, ಇಲ್ಲಿ ನೆಲವೇ ಡೊಂಕು!

ಮೇಸ್ತ್ರಿಗೆ ಹೇಳಿಕಳಿಸಿದೆವು. ಬಂದರು, ಮಾತಿಲ್ಲದೆ ಪೈಪಿಗೆ ನೀರು ತುಂಬಿ ಹಿಡಿದರು. ಹಿತ್ತಿಲ ತುದಿ ಬಾಗಿಲಿಗಿಂತ ಮೂರು ಇಂಚು ಎತ್ತರವಿತ್ತು. ಫೋನು ಕೇಳಿದರು. ಹಲಗೆಯ ಮೇಲಿಟ್ಟರು. ಸೊನ್ನೆ. "ಕಂಡ್ರಾ!" ಎಂದೆ ನಾನು. ಅವರು ಅದೇ ಜಾಗದಲ್ಲಿ ಫೋನನ್ನು ತಲೆಯಿದ್ದ ಕಡೆ ಕಾಲು ಬರುವಂತೆ ತಿರುಗಿಸಿಟ್ಟರು. ಎರಡು ಡಿಗ್ರಿ! ಅದೇ ಫೋನು, ಅದೇ ಹಲಗೆ. ಗೂನುಬೆನ್ನಿನ ಮೇಲೆ ಮಲಗಿದ್ದ ಫೋನನ್ನು ಸಮ ಮಾಡಲು ಹೋಗಿ ನಾನು ಇಡೀ ಜಗಲಿಯನ್ನೇ ಓರೆ ಮಾಡಿದ್ದೆ. "ಹೇಳಿದ್ದೆ" ಎಂದು ಮೇಸ್ತ್ರಿ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ವಾಸಿ ಇರುತ್ತಿತ್ತು.

"ರೀ," ಎಂದಳು ನನ್ನವಳು, "ಆಫೀಸಿನ ಕೆಲಸಕ್ಕೂ ಇದರಲ್ಲೇ ಅಳೀತೀರಾ?"

"...ಎರಡು ವರ್ಷದಿಂದ ಮಾತ್ರ."

"ಅಂದ್ರೆ ಎರಡು ವರ್ಷದಿಂದ ಯಾರ್ಯಾರ ಮನೆ ನೆಲ ಓರೆ ಅಂತ ಬರೆದ್ರೋ, ಅದೆಲ್ಲ..."

"ಟೀ ಇನ್ನೂ ಇದೆಯಾ?" ಎಂದು ಕೇಳಿದೆ.

ಆಗಲೇ ನನ್ನವಳ ಫೋನು ಬಡಿದುಕೊಂಡಿತು. ನನ್ನವಳ ಅಕ್ಕ. ಅರ್ಧ ದಾರಿ ಬಂದಿದ್ದಾಳಂತೆ, ಅಮ್ಮನನ್ನು ತಯಾರು ಮಾಡಿ ಎಂದಳು. ನನ್ನವಳು ಫೋನಿಟ್ಟು ಒದ್ದೆಯೇ ಇಲ್ಲದ ನೆಲವನ್ನು ಒರೆಸತೊಡಗಿದಳು. ಟೀ ಅಂಟಿದ ಅಂಗಿಯಲ್ಲೇ ನಾನು ಅತ್ತೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ.

"ಸೋತೆ ಅತ್ತೆ. ನಿಮ್ಮನ್ನ ಒಂದು ಗಂಟೆನಾದ್ರೂ ಬಿಸಿಲಲ್ಲಿ ಕೂರಿಸ್ಬೇಕು ಅಂತಿದ್ದೆ. ಮೇಸ್ತ್ರಿ ಎರಡು ದಿನದಲ್ಲಿ ಸರಿಮಾಡ್ತಾರಂತೆ. ಆದರೆ ಅಷ್ಟರಲ್ಲಿ ನೀವು ಹೊರಟಿರ್ತೀರಿ. ನೀವು ಭಾರ ಅಂತ ನಮಗೆ ಯಾವತ್ತೂ ಅನಿಸಿಲ್ಲ. ಅದನ್ನ ಬಾಯಲ್ಲಿ ಹೇಳೋಕೆ ಬರದೆ ಇದನ್ನ ಕಟ್ಟೋಕೆ ಹೋದೆ."

ಅತ್ತೆಯ ಭುಜ ನಡುಗುತ್ತಿತ್ತು. ಅಯ್ಯೋ, ಅಳಿಸಿಬಿಟ್ಟೆನಲ್ಲ ಎಂದು ತಲೆ ಎತ್ತಿದೆ. ಅವರು ಅಳುತ್ತಿರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನಗುತ್ತಿದ್ದರು! ಎಷ್ಟೋ ತಿಂಗಳ ಮೇಲೆ ಮೊದಲ ಸಲ. ಉಸಿರು ಸಿಕ್ಕಮೇಲೆ ಕಣ್ಣೊರೆಸಿಕೊಂಡು, ಮಗಳ ಫೋನು ತೆಗೆದುಕೊಂಡು ದೊಡ್ಡವಳಿಗೆ ಮಾಡಿದರು.

"ಹಲೋ, ನಾನು ಕಣೇ. ಊಟಕ್ಕೆ ಬೇಕಾದ್ರೆ ಬಾ, ಕರ್ಕೊಂಡು ಹೋಗೋಕೆ ಬರಬೇಡ. ನಾನು ಬರಲ್ಲ... ಬಾಲ್ಕನಿ ಇದ್ರೆ ಇರಲಿ ಬಿಡೇ... ಅಯ್ಯೋ, ಹೇಗೆ ಬರಲಿ ಹೇಳು? ನಾನು ಅಲ್ಲಿ ಆರಾಮಾಗಿ ಕೂತಿದ್ದಾಗ ಅಳಿಯಂದ್ರು ಇಲ್ಲಿ ಮಹಡಿ ಕಟ್ಟೋಕೆ ಶುರು ಮಾಡಿದ್ರೆ ನಿನ್ನ ತಂಗಿ ಗತಿ ಏನು?"