ಕೆಮ್ಮುವ ಕೊಂಬು

ನನ್ನ ಸೋದರಮಾವ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ನಮ್ಮ ಕಡೆಯ ಮುದುಕರು ಹಾಸಿಗೆ ಬಿಟ್ಟು ಎದ್ದು ಕೂರುತ್ತಾರೆ. ಗೌರವದಿಂದ ಅಂದುಕೊಂಡಿರಾ? ಎಲ್ಲಿಯ ಗೌರವ, ಭಯ! ಮಾವ ಮಂತ್ರವಾದಿಯಲ್ಲ, ವಿಮೆ ಏಜೆಂಟ್ ಕೂಡ ಅಲ್ಲ. ಅವರಿಗಿರುವುದು ಒಂದೇ ಹುಚ್ಚು. ತೀರಿಕೊಂಡ ವಾದ್ಯಗಾರರ ವಾದ್ಯಗಳನ್ನು ಮನೆಯವರ ಹತ್ತಿರ ಕೇಳಿ ತರುವುದು.

ಕೊಡಗಿನಲ್ಲಿ ಹುಟ್ಟಿ, ಪೇಪರ್ ಬಿಡಿಸಿದ ಕೂಡಲೇ ಕಾಫಿ ರೇಟು ನೋಡದ ಗಂಡಸು ಇರಬಹುದೇ? ಇದ್ದಾರೆ. ಮಾವನ ಕಣ್ಣು ನೇರ ಹೋಗುವುದು ನಿಧನ ವಾರ್ತೆಗೆ. ಕೊಂಬು ಊದುತ್ತಿದ್ದವರೋ ಪರೆ ಡೋಲು ಬಾರಿಸುತ್ತಿದ್ದವರೋ ಹೋದರೆಂದು ಕಂಡರೆ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದುತ್ತಾರೆ. ಕ್ರಿಯೆಗಳೆಲ್ಲ ಮುಗಿಯುವ ತನಕ ಮರ್ಯಾದೆಯಿಂದ ಕಾಯುತ್ತಾರೆ. ಆಮೇಲೆ ಒಂದು ದಿನ ಬಿಳಿ ಅಂಗಿ ತೊಟ್ಟು ಹೊರಡುತ್ತಾರೆ. "ವಾದ್ಯವನ್ನು ಸುಮ್ಮನೆ ಗೋಡೆಗೆ ನೇತುಹಾಕಬೇಡಿ. ಅದಕ್ಕೆ ಬೇಜಾರಾಗ್ತದೆ, ನನಗೆ ಕೊಡಿ" ಅನ್ನುತ್ತಾರೆ. ನನ್ನ ಅಮ್ಮನಿಗೆ ತಮ್ಮನ ಈ ಕೆಲಸ ಕಂಡರಾಗದು. "ಸಾವಿನ ಮನೆಗೆ ಹೋದರೆ ಇವನ ಕಣ್ಣು ಫೋಟೋದ ಮೇಲೆ ಇಲ್ಲ, ಪಕ್ಕದ ಮೊಳೆ ಮೇಲೆ!" ಎನ್ನುತ್ತಾರೆ.

ಒಮ್ಮೆ ಗೋಣಿಕೊಪ್ಪಲಿನ ಆಚೆ ಒಬ್ಬ ಹಿರಿಯ ಪರೆ ವಾದಕರು ಜ್ವರ ಬಂದು ಮಲಗಿದ್ದರು. ಮಾವ ಕಿತ್ತಳೆ ಹಣ್ಣು ಹಿಡಿದುಕೊಂಡು ನೋಡಲು ಹೋದರು. ಇವರ ಮುಖ ಕಂಡದ್ದೇ ತಡ, ಅಜ್ಜ ಕಂಬಳಿ ಒದ್ದು ಎದ್ದರು. ಪರೆ ತರಿಸಿ, ಮಡಿಲಲ್ಲಿಟ್ಟುಕೊಂಡು, ಮನೆಯ ಹೆಂಚು ಅಲುಗುವ ಹಾಗೆ ಬಾರಿಸಿದರು. "ನೋಡಿದಿರಲ್ಲ? ಕೈ ಇನ್ನೂ ಆಡ್ತದೆ. ಕಿತ್ತಳೆ ಅಲ್ಲಿಡಿ, ನೀವು ಹೊರಡಿ." ಆ ರಭಸಕ್ಕೆ ಜ್ವರವೂ ಬಿಟ್ಟಿತು. ಮಾವ ಅಲ್ಲೇ ಕೂತು, "ಹಾಗಾದರೆ ನೀವೇ ಬನ್ನಿ, ನನ್ನ ತಂಡಕ್ಕೆ" ಎಂದರು. ಹಾಗೆ ಶುರುವಾಯಿತು ಮಾವನ ವಾಲಗದ ತಂಡ.

ತಂಡದವರ ಸಂಗೀತದ ಹಿನ್ನೆಲೆ ಕೇಳಿದರೆ ನೀವು ನಗುತ್ತೀರಿ. ಅಪ್ಪ, ಅಜ್ಜನಿಂದ ವಿದ್ಯೆ ಬಂದಿರುವುದು ಪರೆಯಜ್ಜನಿಗೊಬ್ಬರಿಗೇ. ಚೆಂಡೆಯವರದ್ದು ಗೋಣಿಕೊಪ್ಪಲಿನಲ್ಲಿ ಬೇಕರಿ. ಚಿಕ್ಕಂದಿನಲ್ಲಿ ಕೇರಳದ ದೇವಸ್ಥಾನವೊಂದರಲ್ಲಿ ಕಲಿತವರು, ಈಗಲೂ ಬನ್ನಿನ ಹಿಟ್ಟು ನಾದುವಾಗ ಬೆರಳು ತಾಳದಲ್ಲೇ ಓಡುತ್ತದೆ. ಕ್ಲಾರಿಯೊನೆಟ್ ನುಡಿಸುವವರು ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲಿ ಬೆಳೆದ ತಮಿಳರು, ಕಲಿತದ್ದು ಚರ್ಚಿನ ಶವಯಾತ್ರೆಯ ಬ್ಯಾಂಡಿನಲ್ಲಿ. ಮದುವೆಯಲ್ಲಿ ಅವರು ಶುರು ಮಾಡಿದರೆ ಹೆಣ್ಣಿನ ಕಡೆಯವರು ಧಾರೆಗೆ ಮೊದಲೇ ಅತ್ತು ಮುಗಿಸುತ್ತಾರೆ! ಕೊಂಬಿನ ಬೋಜಣ್ಣ ಆಟೋ ಓಡಿಸುವವರು. ಅದಕ್ಕೆ ಮೊದಲು ಖಾಸಗಿ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು "ಗೋಣಿಕೊಪ್ಪ, ಗೋಣಿಕೊಪ್ಪ!" ಎಂದು ಕೂಗುತ್ತಿದ್ದರು. ಆ ಕೂಗು ಕೇಳಿಯೇ ಮಾವ ಅವರನ್ನು ಬಸ್ಸಿನಿಂದ ಇಳಿಸಿಕೊಂಡದ್ದು. ಇನ್ನು ಮಾವ? ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಾಗ, ಬೆಳಿಗ್ಗೆ ಆಳುಗಳನ್ನು ಕರೆಯಲು ನೇತುಹಾಕಿದ್ದ ಕಬ್ಬಿಣದ ತುಂಡಿಗೆ ಹೊಡೆಯುತ್ತಿದ್ದರು. ಆ ಅನುಭವದ ಬಲದಿಂದ ತಾಳ ಹಿಡಿದಿದ್ದಾರೆ.

ತಂಡದಲ್ಲಿ ಹಾಡು ನಿಷಿದ್ಧ. "ನಾವು ಐದು ಜನ, ಮನೆಯಲ್ಲಿ ಆಡುದು ಬೇರೆ ಬೇರೆ ಭಾಷೆ. ಹಾಡಿದರೆ ಮಾತು ಬರ್ತದೆ, ಮಾತು ಬಂದರೆ ಜಗಳ. ಬರೀ ವಾದ್ಯ ಸಾಕು" ಎನ್ನುವುದು ಮಾವನ ವಾದ.

ಇಲ್ಲಿಯ ತನಕ ನಗುವ ವಿಷಯ. ಇನ್ನು ಮುಂದಿನದನ್ನು ನಗುತ್ತ ಹೇಳಲು ನನಗೂ ಸ್ವಲ್ಪ ಕಷ್ಟ.

ಬಿಟ್ಟಂಗಾಲದ ಮಾವನ ಮನೆಯಲ್ಲಿ ಕರಿಮೆಣಸಿನ ಚೀಲ ಇಡುವ ಒಂದು ಕೋಣೆ ಉಂಟು. ವಾದ್ಯಗಳೆಲ್ಲ ಇರುವುದು ಅಲ್ಲೇ. ಬೆಳಿಗ್ಗೆ ಮಾವ ಕರಿಕಾಫಿ ಹಿಡಿದು ಆ ಕೋಣೆಗೆ ಹೋಗಿ, ಒಂದೊಂದು ವಾದ್ಯದ ಮುಂದೆಯೂ ನಿಂತು, ಅದರ ಹಳೆಯ ಯಜಮಾನರ ಹೆಸರು ಹಿಡಿದು "ಹೇಗುಂಟು?" ಎಂದು ವಿಚಾರಿಸುತ್ತಾರೆ. ಅತ್ತೆಗೆ ಇದು ಅಭ್ಯಾಸವಾಗಿದೆ. "ನನ್ನನ್ನು ಒಂದು ದಿನ ಹಾಗೆ ಕೇಳಿದ್ದಿಲ್ಲ" ಎನ್ನುವುದಷ್ಟೇ ಅವರ ದೂರು.

ಒಂದು ಮಧ್ಯಾಹ್ನ ಮಂಜು ಕಿಟಕಿಯ ತನಕ ಬಂದು ನಿಂತಿತ್ತು. ಅತ್ತೆಗೆ ಮೆಣಸು ತರಲು ನಾನು ಆ ಕೋಣೆಗೆ ಹೋದೆ. ಬಗ್ಗಿ ಚೀಲದ ಬಾಯಿ ಬಿಚ್ಚುತ್ತಿದ್ದಾಗ ಬೆನ್ನ ಹಿಂದೆ ಒಂದು ಪರೆ, ಯಾರೋ ಬೆರಳಲ್ಲಿ ತಟ್ಟಿದ ಹಾಗೆ, ಮೆಲ್ಲಗೆ "ದುಂ" ಎಂದಿತು. ಚಳಿಗೆ ಚರ್ಮ ಬಿಗಿದುಕೊಂಡಿರಬೇಕು ಎಂದು ನಾನು ಧೈರ್ಯ ತಂದುಕೊಳ್ಳುವಷ್ಟರಲ್ಲಿ ಜಗಲಿಯಿಂದ ಮಾವನ ದನಿ ಬಂತು. "ಹಾಂ, ಬಂದೆ ಬಂದೆ!" ಮೆಣಸು ಅಲ್ಲೇ ಉಳಿಯಿತು. ಅಂದಿನ ಸಾರಿಗೆ ಖಾರವೇ ಇರಲಿಲ್ಲ.

ಆದರೆ ನಿಜವಾದ ತೊಂದರೆ ಕೊಟ್ಟದ್ದು ಹುದಿಕೇರಿಯಿಂದ ಬಂದ ಕೊಂಬು. ಅದನ್ನು ಊದುತ್ತಿದ್ದ ಹಿರಿಯರು ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಬೋಜಣ್ಣ ಅವರನ್ನು ಕಂಡವರಲ್ಲ, ಅವರ ಕೊಂಬು ಕೇಳಿದವರೂ ಅಲ್ಲ. ಹೊಳೆಯುವ ಹಿತ್ತಾಳೆ, ಚಂದದ ಬಾಗು. ಮೊದಲ ಸಲ ಊದಿದಾಗ ಸ್ವರ ಗುಡ್ಡದ ಆಚೆಗೆ ಹೋಗುವ ಹಾಗೆ ಎದ್ದಿತು. ಎದ್ದು, ಮೇಲೆ ತಿರುಗುವ ಜಾಗದಲ್ಲಿ "ಖುಕ್" ಎಂದು ನಿಂತಿತು! ಥೇಟ್ ಕೆಮ್ಮು. ಆಮೇಲೆ ಉಳಿದ ಸ್ವರ ಸಣ್ಣಗೆ, ಸುಸ್ತಾದವರ ಹಾಗೆ ಹೊರಬಂತು. ಇನ್ನೊಮ್ಮೆ ಊದಿದರು. ಅದೇ ಜಾಗ, ಅದೇ ಖುಕ್.

ಒಂದು ಮದುವೆಯಲ್ಲಿ ಮದುಮಗನ ಅಜ್ಜಿಯೊಬ್ಬರು ಕೊಂಬಿನವರಿಗೆ ಬಿಸಿನೀರು ಕಳಿಸಿದರು. ಬೋಜಣ್ಣನಿಗೆ ನಾಚಿಕೆಗಿಂತ ಹೆಚ್ಚಾಗಿ ದಿಗಿಲು ಹತ್ತಿತು. ಊದುವಾಗ ಎದೆಯೊಳಗಿನ ಉಸಿರನ್ನು ಯಾರೋ ಹಿಡಿದುಕೊಳ್ಳುತ್ತಾರೆ ಎಂದು ಹೆಂಡತಿಯ ಹತ್ತಿರ ಹೇಳಿ ಅತ್ತರಂತೆ. ಆಸ್ಪತ್ರೆಗೆ ಹೋಗಿ ಎಕ್ಸರೇ ತೆಗೆಸಿದರು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, "ಎಂಥದೂ ಇಲ್ಲ ಮಾರಾಯ್ರೆ. ಇಬ್ಬರಿಗಾಗುವಷ್ಟು ಉಸಿರುಂಟು ನಿಮ್ಮಲ್ಲಿ" ಎಂದು ನಕ್ಕರು.

ಬೋಜಣ್ಣ ನಗಲಿಲ್ಲ. "ಅದೇ ಸಾರ್ ನನ್ನ ಹೆದರಿಕೆ. ಇನ್ನೊಬ್ಬರು ಯಾರು?"

ಮಾವ ಪರೀಕ್ಷೆಗಿಳಿದರು. ಬೋಜಣ್ಣನ ಕೈಗೆ ಬೇರೆ ಕೊಂಬು ಕೊಟ್ಟರು; ಸ್ವರ ನೀರಿನ ಹಾಗೆ ಹರಿಯಿತು. ಹುದಿಕೇರಿಯ ಕೊಂಬನ್ನು ಬೇಕರಿಯವರ ಬಾಯಿಗಿಟ್ಟರು. ಸ್ವರ ಎದ್ದಿತು, ತಿರುಗಿತು, "ಖುಕ್!" ಬೇಕರಿಯವರು ಕೊಂಬನ್ನು ಮೆಲ್ಲಗೆ ಕೆಳಗಿಟ್ಟು, ಬಚ್ಚಲಿಗೆ ಹೋಗಿ ಕೈಕಾಲು ತೊಳೆದು, ಸೀದಾ ಮನೆಗೆ ಹೊರಟರು. ಬೋಜಣ್ಣ ಕೈ ಮುಗಿದರು. "ಅಣ್ಣಾ, ಇದನ್ನು ಅವರ ಮನೆಗೆ ಮುಟ್ಟಿಸುವ. ಇಲ್ಲದಿದ್ದರೆ ನಾನು ತಂಡದಲ್ಲಿ ಇರುದಿಲ್ಲ." ಕ್ಲಾರಿಯೊನೆಟಿನವರೂ ತಲೆಯಾಡಿಸಿದರು. ಇಷ್ಟು ವರ್ಷ ಮನೆಮನೆ ಅಲೆದು ಕಟ್ಟಿದ ತಂಡ ಕಣ್ಣೆದುರೇ ಬಿಚ್ಚಿಹೋಗುತ್ತಿತ್ತು. ಮಾವನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಮರುದಿನ ಬೋಜಣ್ಣನ ಆಟೋದಲ್ಲಿ ನಾವು ಮೂವರು ಹುದಿಕೇರಿಗೆ ಹೋದೆವು. ತೋಟದ ನಡುವಿನ ರಸ್ತೆಯಲ್ಲಿ ಹಗಲಲ್ಲೇ ಲೈಟು ಹಾಕಬೇಕಾದಷ್ಟು ಮಂಜು. ತಿರುವುಗಳಲ್ಲಿ ಆಟೋ ವಾಲಿದಾಗ ಮಾವನ ಮಡಿಲಲ್ಲಿದ್ದ ಕೊಂಬಿನ ಬಾಯಿಗೆ ಗಾಳಿ ಹೊಕ್ಕು ಸುಂಯ್ ಎನ್ನುತ್ತಿತ್ತು. ಯಾರೋ ಎದೆ ಕಟ್ಟಿಕೊಂಡು ಉಸಿರೆಳೆಯುವ ಸದ್ದು! ಬೋಜಣ್ಣ ತಿರುಗಿ ನೋಡಲಿಲ್ಲ.

ತೀರಿಕೊಂಡವರ ಹೆಂಡತಿ ಕಾವೇರಮ್ಮ ಜಗಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ಮಾವ ಗಂಟಲು ಸರಿಮಾಡಿಕೊಂಡರು. "ಅಕ್ಕಾ, ಕೊಂಬು ಭಾರೀ ಒಳ್ಳೆಯದುಂಟು. ಆದರೆ... ಅದಕ್ಕೆ ಸ್ವಲ್ಪ ಕೆಮ್ಮು."

ಬೈಯುತ್ತಾರೆ ಅಂದುಕೊಂಡೆ. ಅವರು ತಲೆ ಎತ್ತದೆ, "ಊದು, ಕೇಳುವ" ಎಂದು ಬೋಜಣ್ಣನಿಗೆ ಹೇಳಿದರು.

ಬೋಜಣ್ಣ ಕೊಂಬು ಎತ್ತಿ ಊದಿದರು. ಸ್ವರ ಎದ್ದು, ತಿರುಗುವಲ್ಲಿ ಖುಕ್ ಎಂದು ಮುರಿಯಿತು.

ಮೊರ ನಿಂತಿತು. "ಬೀಡಿ ಬಿಡಿ, ಬೀಡಿ ಬಿಡಿ ಅಂತ ಎಷ್ಟು ಹೇಳುದು ನಿಮಗೆ?" ಎಂದರು ಕಾವೇರಮ್ಮ, ಸಿಟ್ಟಿನಲ್ಲಿ.

"ಅಮ್ಮಾ, ನಾನು ಬೀಡಿ ಮುಟ್ಟುದಿಲ್ಲ," ಎಂದು ಬೋಜಣ್ಣ ತೊದಲಿದರು.

"ನಿನಗಲ್ಲ ಮಾರಾಯ ಹೇಳಿದ್ದು!"

ಕಾವೇರಮ್ಮ ಎದ್ದರು, ಸೆರಗಿಗೆ ಕೈ ಒರೆಸಿಕೊಂಡರು, ಬೋಜಣ್ಣನ ಹಿಂದೆ ಬಂದು ಎರಡು ಹೆಗಲಿನ ನಡುವೆ ಅಂಗೈ ಇಟ್ಟು ಮೆಲ್ಲಗೆ ಮೇಲಿಂದ ಕೆಳಕ್ಕೆ ತಿಕ್ಕತೊಡಗಿದರು. ಎಷ್ಟೋ ವರ್ಷ ಮಾಡಿ ರೂಢಿಯಾದ ಕೈ ಅದು. "ಅವಸರ ಬೇಡ. ಉಸಿರು ತಕೊಳ್ಳಿ. ಹಾಂ, ಈಗ ಊದಿ."

ಬೋಜಣ್ಣ ಕಣ್ಣು ಮುಚ್ಚಿ ಊದಿದರು. ಸ್ವರ ಎದ್ದಿತು, ತಿರುಗುವ ಜಾಗಕ್ಕೆ ಬಂತು, ನಾನೂ ಮಾವನೂ ಉಸಿರು ಬಿಗಿಹಿಡಿದೆವು. ಅದು ದಾಟಿತು. ದಾಟಿ, ಇನ್ನೂ ಮೇಲೇರಿ, ಕಾಫಿ ತೋಟದ ಮೇಲಿಂದ ಹಾದು, ಮಂಜಿನೊಳಗೆ ಎಲ್ಲೋ ಹೋಗಿ ಮುಗಿಯಿತು.

ಮಾವ ಕೊಂಬಿನ ಕಡೆ ಕೈ ತೋರಿಸಿ ಕೇಳಿದರು: "ಅಕ್ಕಾ, ಇದನ್ನು ಇಲ್ಲೇ ಇಟ್ಟು ಹೋಗುದಾ?"

"ಬೇಡ. ಮನೇಲಿ ಕೂತರೆ ಅವರಿಗೆ ಕೆಮ್ಮು ಹೆಚ್ಚಾಗುದು. ನಾಲ್ಕು ಮದುವೆ ತಿರುಗಲಿ."

ಹೀಗೆಂದು ಒಳಗೆ ಹೋದ ಕಾವೇರಮ್ಮ ಒಂದು ಹಳೆಯ ಉಣ್ಣೆ ಮಫ್ಲರ್ ತಂದರು. ಬೋಜಣ್ಣನ ಕೈಯಲ್ಲಿದ್ದ ಕೊಂಬಿನ ಕುತ್ತಿಗೆಗೆ ಅದನ್ನು ಸುತ್ತಿ, ಗಾಳಿ ಹೋಗದ ಹಾಗೆ ಗಂಟು ಹಾಕಿ, ತುದಿಯನ್ನು ಸರಿಮಾಡಿದರು.

"ಹೋಗಿ ಬನ್ನಿ," ಎಂದರು.

ಹೇಳಿದ್ದು ನಮಗಲ್ಲ ಎಂದು ಮೂವರಿಗೂ ಗೊತ್ತಿತ್ತು.