ಬೆರಿಲಕ್ಕನ ಶ್ರದ್ಧಾಂಜಲಿ

ಲೆಸ್ ಪಾಸ್ಕೋ ಕೊಂಡಿದ್ದ ಹಳೆಯ ಕ್ಯಾರವಾನಿನ, ಅಂದರೆ ಕಾರಿನ ಹಿಂದೆ ಎಳೆದೊಯ್ಯುವ ಮನೆಗಾಡಿಯ, ಬೆನ್ನ ಮೇಲೆ, ಆ ದಾರಿಯ ಕ್ಯಾರವಾನುಗಳ ಮೇಲೆಲ್ಲ ಇರುವಂತೆ, ಗಂಡಹೆಂಡಿರ ಹೆಸರೂ ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೋದ ಚಾನೆಲ್ಲೂ ಇದ್ದವು: 'ಕ್ಲೈವ್–ಬೆರಿಲ್, ೧೮'. ಅವು ಹಿಂದಿನ ಮಾಲೀಕರ ಹೆಸರುಗಳು. ಅಕ್ಷರ ಕಿತ್ತರೆ ಬಣ್ಣವೂ ಕಿತ್ತುಬಂದೀತೆಂದು ಲೆಸ್ ಹಾಗೆಯೇ ಬಿಟ್ಟಿದ್ದ. ಈ ಕತೆಯನ್ನು ಕ್ಯಾಥರೀನ್ ಊರಿನಲ್ಲಿ ಒಂದು ಬಗೆಯಾಗಿ, ಡಾರ್ವಿನ್ ಪಟ್ಟಣದಲ್ಲಿ ಇನ್ನೊಂದು ಬಗೆಯಾಗಿ ಹೇಳುತ್ತಾರೆ. ಆ ಅಕ್ಷರಗಳ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ.

ಲೆಸ್‌ನ ಹೆಂಡತಿ ಎಡ್ನಾ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ಮಣ್ಣು ಮಾಡುವಾಗಲೂ ಅವನ ಕಣ್ಣಿನಿಂದ ಹನಿ ಉದುರಲಿಲ್ಲ. ಅಳು ಗಂಟಲಲ್ಲಿ ತುಕ್ಕು ಹಿಡಿದ ಬೋಲ್ಟಿನಂತೆ ಕಚ್ಚಿಕೊಂಡಿತ್ತು. ಅವಳು ನೋಡಲು ಹಂಬಲಿಸಿದ್ದ ಕಕಾಡು ಅಭಯಾರಣ್ಯದ ತಾವರೆಗೆರೆಯ ಬಳಿ ಒಬ್ಬನೇ ಕೂತು ಒಮ್ಮೆ ಅತ್ತುಬಿಡಬೇಕೆಂದು ಅವನು ಹೊರಟಿದ್ದ.

ಬೆಳಿಗ್ಗೆ, ಹುತ್ತಗಳ ಬಯಲು ದಾಟುವಾಗ, ಹಿಂದಿನ ಗಾಡಿಯಿಂದ ಹೆಣ್ಣುದನಿಯೊಂದು ರೇಡಿಯೋದಲ್ಲಿ ಕೇಳಿಸಿತು. "ಕ್ಲೈವಣ್ಣಾ, ನಾನು ಗ್ವೆನ್. ನಿಮ್ಮ ಹಿಂದೇನೇ ಬರ್ತಿದ್ದೀವಿ, ಗಾಡಿ ಮೇಲೆ ನಿಮ್ಮ ಹೆಸರು ಓದ್ದೆ. ಬೆರಿಲಕ್ಕನಿಗೆ ಸ್ವಲ್ಪ ಮೈಕ್ ಕೊಡಿ, ಮಾತಾಡೋಣ."

"ನನ್ನ ಹೆಂಡ್ತಿ ತೀರ್ಕೊಂಡ್ಲು," ಎಂದ ಲೆಸ್. ಅವನು ಹೇಳಿದ್ದು ಅಪ್ಪಟ ನಿಜ.

ಆ ಚಾನೆಲ್ಲಿನಲ್ಲಿ ಕಿವಿಯಿಟ್ಟಿದ್ದ ಗಾಡಿಗಳೆಲ್ಲ ಅದನ್ನು ಕೇಳಿಸಿಕೊಂಡವು. ಮಧ್ಯಾಹ್ನ ಅವನು ಕೆರೆಯ ಬಳಿಯ ಬಿಡಾರದ ಬಯಲಿಗೆ ತಿರುಗುವ ಹೊತ್ತಿಗೆ, ಅವನನ್ನು ಹಿಂದಿಕ್ಕಿ ಬಂದಿದ್ದ ಜನ ಟೋಪಿ ತೆಗೆದು ಸಾಲಾಗಿ ನಿಂತಿದ್ದರು.

ಗ್ವೆನ್‌ಳ ಗಂಡ ಟ್ರೆವರ್ ಗಾಡಿಯ ಹಿಂದೆ ಓಡಿದ. "ರಿವರ್ಸ್ ಬಾ ಮಾರಾಯಾ! ಎಡಕ್ಕೆ, ಎಡಕ್ಕೆ! ಅಯ್ಯೋ, ಬೆರಿಲಕ್ಕ ಇದ್ದಿದ್ರೆ ಅವ್ರೇ ಹೇಳೋರು." ದುಃಖದಲ್ಲಿ ಅವನು ಬಲಗೈ ಬೀಸಿದ. ಕ್ಯಾರವಾನು ಮರಕ್ಕೆ ಗುದ್ದಿತು.

"ನೋಡಿ, ಅವಳ ಹೆಸರು..." ಎಂದು ಲೆಸ್ ಇಳಿದ.

ಗ್ವೆನ್ ಅವನ ಕೈಗೆ ಮೀನು–ಮ್ಯಾಕರೋನಿಯ ಬಿಸಿ ಪಾತ್ರೆ ತುರುಕಿದಳು. "ಹೆಸರೆತ್ತಬೇಡಿ ಕ್ಲೈವಣ್ಣಾ, ಕರುಳು ಕಿತ್ತು ಬರುತ್ತೆ. ಸಾಯಂಕಾಲ ಎಲ್ಲಾ ಸೇರಿ ಒಂದು ಶ್ರದ್ಧಾಂಜಲಿ ಮಾಡೋಣ."

"ನಾನು ಒಬ್ನೇ ಇರ್ಬೇಕು ಅಂತ ಬಂದಿದ್ದೆ."

"ಒಬ್ರೇ ಬಿಡೋದಾ? ನಾವೇನು ಮನುಷ್ಯರಲ್ವಾ?"

ಸಂಜೆ ಕುರ್ಚಿಗಳೂ ಬಿಯರ್ ಡಬ್ಬಿಗಳೂ ಕೆರೆಯ ಕಡೆಗೆ ಮೆರವಣಿಗೆ ಹೊರಟವು. ಮೊಸಳೆಗೆ ಹೆದರಿ ಹೂವನ್ನು ದೂರದಿಂದಲೇ ಎಸೆದರು. ಅದು ಕೆಸರಿಗೆ ಬಿತ್ತು. "ಬೆರಿಲಕ್ಕನಿಗೆ ಶಾಂತಿ ಸಿಗಲಿ," ಎಂದು ಟ್ರೆವರ್ ಡಬ್ಬಿ ಎತ್ತಿದ. ಎಲ್ಲರೂ ಲೆಸ್‌ನತ್ತ ತಿರುಗಿದರು.

ಲೆಸ್ ಕಣ್ಣು ಮುಚ್ಚಿಕೊಂಡ. "ಅವಳು ಕಪ್ಪಿಗೆ ಮೊದ್ಲು ಹಾಲು, ಆಮೇಲೆ ಚಹಾ ಹಾಕೋಳು. ತಪ್ಪು ಅಂತ ಜಗಳ ಆಡ್ತಿದ್ದೆ. ಈಗ... ಈಗ ನಾನೂ ಹಾಗೇ ಹಾಕ್ಕೊತೀನಿ." ಗಂಟಲಿನ ಬೋಲ್ಟು ಒಂದು ಸುತ್ತು ತಿರುಗಿತು. ರೆಪ್ಪೆಯಡಿಯಲ್ಲಿ ಏನೋ ಬೆಚ್ಚಗಾಯಿತು.

ಆಗ ಹೊಸ ಕ್ಯಾರವಾನೊಂದು ಬಂದು ನಿಂತಿತು. ಇಳಿದ ಬಿಳಿಗೂದಲ ಹೆಂಗಸು, "ಅರೆ, ಮರಕ್ಕೆ ಗುದ್ದಿರೋದು ನಮ್ಮ ಹಳೇ ಗಾಡಿ ಅಲ್ವಾ! ಇಲ್ಲೇನು, ಯಾರಾದ್ರೂ ಹೋಗ್ಬಿಟ್ರಾ?" ಎಂದಳು.

"ಬೆರಿಲಕ್ಕ," ಎಂದಳು ಗ್ವೆನ್ ಮೂಗೊರೆಸಿಕೊಂಡು.

"ಯಾವ ಬೆರಿಲ್?"

"ಆ ಗಾಡಿಯೋರು."

"ಅದು ನಾನೇ ಕಣಮ್ಮಾ!"

ಮೂಡಿದ್ದ ಹನಿ ಲೆಸ್‌ನ ಕಣ್ಣಲ್ಲೇ ಇಂಗಿಹೋಯಿತು. "ನನ್ನ ಹೆಂಡ್ತಿ ಎಡ್ನಾ. ಅವಳು ನಿಜವಾಗ್ಲೂ ತೀರ್ಕೊಂಡಿದ್ದಾಳೆ," ಎಂದ.

"ಒಂದು ದಿನಕ್ಕೆ ಎಷ್ಟು ಹೆಂಡ್ತೀರನ್ನ ಸಾಯಿಸ್ತೀರಿ?" ಎಂದು ಗ್ವೆನ್ ಅರ್ಧ ಖಾಲಿಯಾದ ಪಾತ್ರೆಯನ್ನು ಕಿತ್ತುಕೊಂಡಳು. ಬದುಕಿರುವ ಬೆರಿಲ್‌ಳನ್ನು ಸುತ್ತುವರಿದು, ಲೆಸ್ ಆಡಿದ ಮಾತನ್ನೆಲ್ಲ ಅವಳಿಗೆ ಹೇಳುತ್ತಾ, ಜನ ಊಟಕ್ಕೆ ಹೋದರು. "ಆ ಹಾಲಿನ ವಿಷ್ಯ ಚೆನ್ನಾಗಿ ಹೇಳಿದ್ರಂತೆ," ಎಂದು ಬೆರಿಲ್ ತಿರುಗಿ ಕೂಗಿದಳು. "ನನ್ನ ಕ್ಲೈವ್ ಒಂದಿನಾನೂ ಅಷ್ಟು ಪ್ರೀತಿಯಿಂದ ಮಾತಾಡಿಲ್ಲ."

ಈಗ ಕೆರೆಯ ಬಳಿ ಲೆಸ್ ಒಬ್ಬನೇ. ಬಯಸಿ ಬಂದ ನಿಶ್ಶಬ್ದವೂ ಇತ್ತು. ಕತ್ತಲಾಗುವವರೆಗೆ ಕೂತ. ಅಳು ಬರಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಷರಗಳನ್ನು ಬಣ್ಣದ ಸಮೇತ ಕೆರೆದು, ಅಲ್ಲಿ ತನ್ನ ಕೈಯಾರೆ 'ಲೆಸ್–ಎಡ್ನಾ, ೧೮' ಎಂದು ಬರೆದು, ಹೊರಟ. ಹೆದ್ದಾರಿ ಸೇರುತ್ತಲೇ ರೇಡಿಯೋದಲ್ಲಿ ಅಪರಿಚಿತ ದನಿ: "ಲೆಸ್ಸಣ್ಣಾ, ನಮಸ್ಕಾರ! ಎಡ್ನಕ್ಕ ಚೆನ್ನಾಗಿದ್ದಾರಾ?"

ಲೆಸ್ ಪಕ್ಕದ ಖಾಲಿ ಸೀಟನ್ನು ನೋಡಿದ. "ಮಲಗಿದ್ದಾಳೆ," ಎಂದ.

"ಮಲಗ್ಲಿ, ಮಲಗ್ಲಿ. ಸಾಯಂಕಾಲ ಬಿಡಾರಕ್ಕೇ ಬಂದು ಮಾತಾಡಿಸ್ತೀನಿ. ಅಕ್ಕನಿಗೆ ಅಂತ ಕೇಕ್ ತರ್ತೀನಿ!"